ಬಿರುಗಾಳಿಗೆ ಆಶ್ರಯ : ದುಡಿಮೆಯ ತಾಣದಲ್ಲಿ ರಕ್ಷಾಗೃಹದ ಆಯ್ಕೆ

ಗಾಳಿ, ಮಳೆ, ಬಿಸಿಲುಗಳಿಂದ ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ ಮನುಷ್ಯನು ಮನೆಯನ್ನು ಕಟ್ಟಿದನೆಂಬುದು ಸರ್ವವಿದಿತವಾದ ಸಂಗತಿ. ಆದರೆ ಇಂದಿನ ಜೀವನಕ್ರಮದಲ್ಲಿ ಅವನು ಎಚ್ಚರವಾಗಿರುವ ವೇಳೆಯ ಬಹುಭಾಗವು ಕಳೆಯುವುದು ಮನೆಯಲ್ಲಲ್ಲ. ಕಾರ್ಖಾನೆ, ಉಗ್ರಾಣ, ಕಚೇರಿ, ಆಸ್ಪತ್ರೆ, ಶಾಲೆಗಳಲ್ಲಿ. ತನ್ನ ಮನೆಯ ಗೋಡೆ ಎಷ್ಟು ದಪ್ಪವಿರಬೇಕು, ಬಾಗಿಲು ಯಾವ ದಿಕ್ಕಿಗಿರಬೇಕು ಎಂಬುದನ್ನು ನಿರ್ಣಯಿಸುವ ಸ್ವಾತಂತ್ರ್ಯ ಅವನಿಗುಂಟು. ದುಡಿಯುವ ಸ್ಥಳದಲ್ಲಿ ಆ ಸ್ವಾತಂತ್ರ್ಯವಿಲ್ಲ. ಅನ್ಯರು ನಿರ್ಣಯಿಸಿದ ಮಾಡಿನ ಕೆಳಗೆ, ಅನ್ಯರು ಎಬ್ಬಿಸಿದ ಗೋಡೆಗಳ ನಡುವೆ ಅವನು ನಿಂತು ದುಡಿಯಬೇಕು. ಹೀಗಿರುವಾಗ ಆ ಮಾಡು ಹಾರಿಹೋಗುವ ದಿನ ಬಂದರೆ ಅವನು ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಯೋಚಿಸಿಡುವ ಹೊಣೆ ದುಡಿಸಿಕೊಳ್ಳುವವನ ಮೇಲೆಯೇ ಬೀಳುತ್ತದೆ.

ಈ ಹೊಣೆಯನ್ನು ಅತ್ಯಂತ ಗಂಭೀರವಾಗಿ ವಿಚಾರಿಸಬೇಕಾಗಿ ಬಂದ ದೇಶ ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿ ವರ್ಷವೊಂದಕ್ಕೆ ಸರಾಸರಿ ಸಾವಿರಕ್ಕೂ ಮಿಕ್ಕು ಸುಂಟರಗಾಳಿಗಳು ದಾಖಲಾಗುತ್ತವೆ. ಕರ್ನಾಟಕದಿಂದ ಉದ್ಯೋಗಾರ್ಥವಾಗಿ ತೆರಳಿ ಟೆಕ್ಸಾಸ್, ಇಲಿನಾಯ್ ಮುಂತಾದ ಪ್ರಾಂತಗಳಲ್ಲಿ ನೆಲಸಿರುವ ಕನ್ನಡಿಗರಿಗೂ ಈ ವಿಷಯ ಪರಕೀಯವಲ್ಲ. ಆ ದೇಶದ ಅನುಭವವನ್ನು ಆಧಾರವಾಗಿಟ್ಟುಕೊಂಡು, ದುಡಿಮೆಯ ತಾಣಕ್ಕೆ ತಕ್ಕ ರಕ್ಷಾಗೃಹವನ್ನು ಆರಿಸುವ ಕ್ರಮವನ್ನು ಇಲ್ಲಿ ವಿವೇಚಿಸಲಾಗಿದೆ.

ಪದವಿಚಾರ

ವಿಷಯಪ್ರವೇಶಕ್ಕೆ ಮುನ್ನ ಪದಗಳ ಅರ್ಥವನ್ನು ತಿಳಿಗೊಳಿಸಿಕೊಳ್ಳುವುದು ಲೇಸು. ಕನ್ನಡದಲ್ಲಿ ಗಾಳಿಯ ಉಗ್ರರೂಪಗಳಿಗೆ ಹಲವು ಹೆಸರುಗಳುಂಟು. ‘ಬಿರು’ ಎಂದರೆ ಕಠಿನವಾದುದು, ತೀವ್ರವಾದುದು. ಬಿರುನುಡಿ, ಬಿರುಬಿಸಿಲು ಎಂಬಲ್ಲಿರುವ ಪದವೇ ಬಿರುಗಾಳಿಯಲ್ಲಿಯೂ ಇದೆ. ಮಳೆಯೊಡಗೂಡಿ ಬೀಸುವ ಗಾಳಿಗೆ ಸಂಸ್ಕೃತ ಕೋಶಕಾರರು ‘ಝಂಝಾವಾತ’ವೆಂದರು. ಸುಳಿಸುಳಿಯಾಗಿ ತಿರುಗುತ್ತ ಬರುವುದು ಸುಂಟರಗಾಳಿ. ಬೇಸಿಗೆಯಲ್ಲಿ ಬಯಲುಸೀಮೆಯ ಹೊಲಗಳಲ್ಲಿ ಧೂಳನ್ನೂ ತರಗೆಲೆಯನ್ನೂ ಎತ್ತಿ ಕುಣಿಸುವ ಪುಟ್ಟ ಸುಳಿಗೂ ಇದೇ ಹೆಸರು. ಗುಡುಗುಮೋಡದ ಅಡಿಯಿಂದ ನೆಲಕ್ಕಿಳಿದು ಊರನ್ನೇ ಉಜ್ಜಿಹಾಕುವ ಟಾರ್ನೆಡೋಗೂ ಇದೇ ಹೆಸರು. ಹೆಸರು ಒಂದಾದರೂ ಇವೆರಡಕ್ಕೂ ಅಜಗಜಾಂತರ. ಕಡಲಲ್ಲಿ ಹುಟ್ಟಿ ನೂರಾರು ಮೈಲಿಗಳ ವಿಸ್ತಾರಕ್ಕೆ ಬೆಳೆದು ದಿನಗಟ್ಟಲೆ ಚಲಿಸುವುದು ಚಂಡಮಾರುತ. ಪ್ರಕೃತ ಲೇಖನದಲ್ಲಿ ಮುಖ್ಯವಾಗಿ ವಿಚಾರಿಸತಕ್ಕದ್ದು ಟಾರ್ನೆಡೋ ಎಂಬ ಮಹಾಸುಂಟರಗಾಳಿಯನ್ನು.

‘ಆಶ್ರಯ’ವೆಂಬ ಪದವೂ ಗಮನಾರ್ಹವಾದುದು. ‘ಶ್ರಿ’ ಎಂಬ ಧಾತುವಿಗೆ ‘ಆ’ ಎಂಬ ಉಪಸರ್ಗ ಸೇರಿ ಬಂದ ಈ ಪದಕ್ಕೆ ಎರಡು ಅರ್ಥಗಳುಂಟು : ಯಾವುದನ್ನು ಹೋಗಿ ಸೇರುತ್ತೇವೆಯೋ ಆ ಸ್ಥಾನ ಒಂದು, ಹೋಗಿ ಸೇರುವ ಕ್ರಿಯೆ ಇನ್ನೊಂದು. ಸ್ಥಾನವಿದ್ದು ಸೇರುವ ಕ್ರಿಯೆ ನಡೆಯದಿದ್ದರೆ ಅದು ಆಶ್ರಯವಾಗಲಿಲ್ಲ. ಸೇರಲು ಧಾವಿಸಿದವನಿಗೆ ಸ್ಥಾನವೇ ದೃಢವಾಗಿಲ್ಲದಿದ್ದರೂ ಆಶ್ರಯವಾಗಲಿಲ್ಲ. ವಾಸ್ತುತಂತ್ರಜ್ಞರು ಐವತ್ತು ವರ್ಷಗಳ ಪರಿಶೀಲನೆಯಿಂದ ಕಂಡುಕೊಂಡ ತತ್ತ್ವವು ಈ ಒಂದು ಪದದಲ್ಲಿಯೇ ಅಡಗಿದೆ. ಗೋಡೆಯ ಬಲ ಮತ್ತು ಜನರ ನಡಿಗೆ, ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿದಲ್ಲದೆ ರಕ್ಷಾಗೃಹದ ಆಯ್ಕೆ ಪೂರ್ಣವಾಗದು.

ಗಾಳಿಯ ಸ್ವರೂಪ

ಸುಂಟರಗಾಳಿಯ ತೀವ್ರತೆಯನ್ನು ಅಳೆಯಲು ಷಿಕಾಗೋ ವಿಶ್ವವಿದ್ಯಾಲಯದ ಟೆಟ್ಸುಯ ಫುಜಿತ ಎಂಬ ವಿಜ್ಞಾನಿ ೧೯೭೧ರಲ್ಲಿ ಒಂದು ಮಾನವನ್ನು ರೂಪಿಸಿದರು. ಅದನ್ನು ತಿದ್ದಿ ಪರಿಷ್ಕರಿಸಿದ ಮಾನವು ಅಮೆರಿಕದಲ್ಲಿ ೨೦೦೭ರಿಂದ ಬಳಕೆಯಲ್ಲಿದೆ. ಅದರಲ್ಲಿ ಸೊನ್ನೆಯಿಂದ ಐದರವರೆಗೆ ಆರು ದರ್ಜೆಗಳು. ಐದನೆಯ ದರ್ಜೆಯ ಗಾಳಿಯ ವೇಗ ಗಂಟೆಗೆ ೨೦೦ ಮೈಲಿ, ಎಂದರೆ ಸುಮಾರು ೩೨೦ ಕಿಲೋಮೀಟರನ್ನು ಮೀರಿದುದು. ಬಹುಪಾಲು ಸುಂಟರಗಾಳಿಗಳು ಕೆಳಗಿನ ದರ್ಜೆಗಳಿಗೆ ಸೇರಿದವು. ಆದರೆ ಜೀವಹಾನಿಯ ಬಹುಪಾಲು ಮೇಲಿನ ದರ್ಜೆಯ ಕೆಲವೇ ಗಾಳಿಗಳಿಂದ ಆಗುತ್ತದೆ.

ಇಲ್ಲಿ ಗಣಿತದ ಒಂದು ನಿಯಮವನ್ನು ಸ್ಮರಿಸಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದು ಗೋಡೆಯ ಮೇಲೆ ಹೇರುವ ಒತ್ತಡ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಒತ್ತಡವು ವೇಗದ ವರ್ಗವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಗಂಟೆಗೆ ೧೦೦ ಮೈಲಿ ವೇಗದ ಗಾಳಿಯನ್ನು ತಾಳುವಂತೆ ಕಟ್ಟಿದ ಕಟ್ಟಡದ ಮೇಲೆ ೨೫೦ ಮೈಲಿಯ ಗಾಳಿ ಬಂದೆರಗಿದರೆ ಅದು ಹೊರಬೇಕಾದ ಒತ್ತಡ ಆರು ಪಟ್ಟಿಗೂ ಮಿಗಿಲು. ಆದುದರಿಂದ “ನಮ್ಮ ಕಟ್ಟಡ ಹೊಸದು, ಗಟ್ಟಿಯಾದುದು” ಎಂಬ ಮಾತು ಈ ಪ್ರಸಂಗದಲ್ಲಿ ಭರವಸೆಯಾಗಲಾರದು.

ಕಾರ್ಖಾನೆ, ಉಗ್ರಾಣಗಳಿಗೆ ಮತ್ತೊಂದು ದೌರ್ಬಲ್ಯವುಂಟು. ಯಂತ್ರಗಳಿಗೂ ಸರಕಿಗೂ ಎಡೆಯಾಗಲೆಂದು ಅವುಗಳ ಮಾಡನ್ನು ನಡುವೆ ಕಂಬಗಳು ವಿರಳವಾಗಿರುವಂತೆ ಬಹಳ ದೂರ ಹಾಯಿಸುತ್ತಾರೆ. ನೆಲದ ಮೇಲೆ ಎರಕ ಹೊಯ್ದು, ಬಳಿಕ ಎತ್ತಿ ನಿಲ್ಲಿಸುವ ಕಾಂಕ್ರೀಟಿನ ಹಲಗೆಗಳೇ ಅನೇಕ ಉಗ್ರಾಣಗಳ ಗೋಡೆ. ಆ ಹಲಗೆಗಳನ್ನು ಮೇಲ್ತುದಿಯಲ್ಲಿ ಹಿಡಿದು ನಿಲ್ಲಿಸುವುದು ಮಾಡು. ಗಾಳಿ ದೊಡ್ಡ ಬಾಗಿಲುಗಳನ್ನು ಮುರಿದು ಒಳನುಗ್ಗಿ ಮಾಡನ್ನು ಮೇಲಕ್ಕೆತ್ತಿತೆಂದರೆ, ಟನ್ನುಗಟ್ಟಲೆ ಭಾರದ ಗೋಡೆಗಳು ಆಧಾರವನ್ನು ಕಳೆದುಕೊಂಡು ಮಲಗುತ್ತವೆ. ೨೦೧೧ರ ಮೇ ೨೨ರಂದು ಮಿಸೌರಿ ಪ್ರಾಂತದ ಜಾಪ್ಲಿನ್ ನಗರವನ್ನು ಐದನೆಯ ದರ್ಜೆಯ ಸುಂಟರಗಾಳಿ ಹೊಡೆದಾಗ, ಇಂತಹ ಗೋಡೆಗಳಿದ್ದ ದೊಡ್ಡ ಮಳಿಗೆಯೊಂದು ಹೀಗೆಯೇ ಕುಸಿಯಿತು. ಅಂದು ಆ ನಗರದಲ್ಲಿ ೧೫೦ಕ್ಕೂ ಹೆಚ್ಚು ಮಂದಿ ಅಸುನೀಗಿದರು. ನೋಟಕ್ಕೆ ಭದ್ರವಾದ ಗೋಡೆಯೇ ಮೃತ್ಯುವಾಗಿ ಪರಿಣಮಿಸಿದ್ದಕ್ಕೆ ಇದು ನಿದರ್ಶನ.

ನೆಲಮಾಳಿಗೆಯಿಂದ ರಕ್ಷಾಗೃಹದವರೆಗೆ

ಅಮೆರಿಕದ ಹುಲ್ಲುಬಯಲಿನಲ್ಲಿ ನೆಲಸಿದ ಹಳೆಯ ತಲೆಮಾರಿನ ಒಕ್ಕಲಿಗರು ಮನೆಯ ಬಳಿ ನೆಲವನ್ನು ಅಗೆದು ಒಂದು ನೆಲಮಾಳಿಗೆಯನ್ನು ಮಾಡಿಕೊಳ್ಳುತ್ತಿದ್ದರು. ಬಟಾಟೆ, ಗಡ್ಡೆಗೆಣಸು, ಭರಣಿಗಳಲ್ಲಿ ಹಾಕಿಟ್ಟ ಹಣ್ಣುಹಂಪಲು ಇವು ಅಲ್ಲಿ ತಂಪಾಗಿರುತ್ತಿದ್ದವು. ಬಿರುಗಾಳಿ ಬಂದಾಗ ಮನೆಮಂದಿಯೂ ಅಲ್ಲಿಗಿಳಿಯುತ್ತಿದ್ದರು. ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ಕೇಳಿದೊಡನೆ ಜೋಳವನ್ನು ತುಂಬಿಡುತ್ತಿದ್ದ ಹಗೇವಿನ ನೆನಪಾಗದಿರದು. ಹಗೇವು ಧಾನ್ಯಕ್ಕೆ ಮೀಸಲು. ಅಮೆರಿಕದ ನೆಲಮಾಳಿಗೆ ಧಾನ್ಯಕ್ಕೂ ಪ್ರಾಣಕ್ಕೂ ಸಾಧಾರಣವಾದುದು. ಆದರೆ ಗಾಳಿಯಾಡದೆ ಮುಚ್ಚಿದ ಹಗೇವಿನೊಳಗೆ ಒಮ್ಮೆಗೇ ಇಳಿಯಬಾರದೆಂಬ ಹಿರಿಯರ ಎಚ್ಚರಿಕೆಯಲ್ಲಿ ರಕ್ಷಾಗೃಹಕ್ಕೂ ಅನ್ವಯಿಸುವ ಪಾಠವಿದೆ. ಜನರನ್ನು ಕೂಡಿಹಾಕುವ ಯಾವ ಕೋಣೆಗೂ ಉಸಿರಾಟದ ಗಾಳಿಗೆ ದಾರಿಯಿರಲೇಬೇಕು.

೧೯೭೦ರ ಮೇ ೧೧ರಂದು ಟೆಕ್ಸಾಸ್ ಪ್ರಾಂತದ ಲಬಕ್ ನಗರದ ಮೇಲೆ ಸುಂಟರಗಾಳಿ ಎರಗಿ ೨೬ ಜನ ಮೃತರಾದರು. ಆ ನಗರದಲ್ಲಿಯೇ ಇರುವ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ತಮ್ಮ ಬಾಗಿಲಿಗೇ ಬಂದ ಆ ವಿಪತ್ತು ಸಂಶೋಧನೆಯ ವಸ್ತುವಾಯಿತು. ಗಾಳಿಗೆ ಸಿಕ್ಕಿ ಹಾಳಾದ ಮನೆಗಳನ್ನು ಪರಿಶೀಲಿಸಿದ ಅವರಿಗೆ, ಹೊರಗೋಡೆಗಳೆಲ್ಲ ಹೋಗಿದ್ದರೂ ನಡುವಿನ ಪುಟ್ಟ ಕೋಣೆ ನಿಂತುಕೊಂಡಿರುವುದು ಹಲವೆಡೆ ಕಂಡುಬಂದಿತು. ಆ ಪುಟ್ಟ ಕೋಣೆಯನ್ನೇ ಬುದ್ಧಿಪೂರ್ವಕವಾಗಿ ಬಲಪಡಿಸಿದರೆ ನೆಲದ ಮೇಲೆಯೂ ರಕ್ಷೆ ಸಾಧ್ಯವೆಂಬ ವಿಚಾರವನ್ನು ಅರ್ನ್‌ಸ್ಟ್ ಕೀಸ್ಲಿಂಗ್ ಮೊದಲಾದವರು ಬೆಳೆಸಿದರು. ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ, ಮನೆಗಳ ರಕ್ಷಾಕೋಣೆಗೆ ೧೯೯೮ರಲ್ಲಿಯೂ ಸಾಮುದಾಯಿಕ ರಕ್ಷಾಗೃಹಗಳಿಗೆ ೨೦೦೦ದಲ್ಲಿಯೂ ಕೈಪಿಡಿಗಳನ್ನು ಪ್ರಕಟಿಸಿತು. ೨೦೦೮ರಲ್ಲಿ ‘ಐ.ಸಿ.ಸಿ. ೫೦೦’ ಎಂಬ ಮಾನದಂಡ ಹೊರಬಂದು, ಬಳಿಕ ಹಲವು ಬಾರಿ ಪರಿಷ್ಕೃತವಾಯಿತು. ಹೀಗೆ ಒಕ್ಕಲಿಗನ ನೆಲಮಾಳಿಗೆ ಶಾಸ್ತ್ರಸಿದ್ಧವಾದ ರಕ್ಷಾಗೃಹವಾಗಿ ಬೆಳೆಯಿತು.

ಆಸರೆಯೂ ರಕ್ಷಾಗೃಹವೂ ಒಂದೇ ಅಲ್ಲ

ಆಯ್ಕೆ ಮಾಡುವವನು ಪ್ರಥಮತಃ ತಿಳಿಯಬೇಕಾದ ಭೇದವೊಂದುಂಟು. ಇರುವ ಕಟ್ಟಡದಲ್ಲಿಯೇ ಮಿಕ್ಕ ಭಾಗಗಳಿಗಿಂತ ವಾಸಿಯೆಂದು ಗೊತ್ತುಮಾಡಿದ ಜಾಗ ಒಂದು ಬಗೆ. ಕಿಟಕಿಯಿಲ್ಲದ ಒಳಕೋಣೆ, ಕಿರಿದಾದ ಶೌಚಾಲಯ, ಕೆಳ ಅಂತಸ್ತಿನ ಸಣ್ಣ ಕೊಠಡಿ ಇವು ಈ ಬಗೆಯವು. ಇದನ್ನು ‘ತಾತ್ಕಾಲಿಕ ಆಸರೆ’ ಎನ್ನೋಣ. ಅತ್ಯುಗ್ರವಾದ ಗಾಳಿಯನ್ನೂ ಅದು ಎತ್ತಿ ಎಸೆಯುವ ವಸ್ತುಗಳನ್ನೂ ತಾಳುವಂತೆ ಲೆಕ್ಕ ಹಾಕಿ, ಪರೀಕ್ಷಿಸಿ ಕಟ್ಟಿದ್ದು ಇನ್ನೊಂದು ಬಗೆ. ಇದು ‘ರಕ್ಷಾಗೃಹ’. ಮೊದಲನೆಯದು ಅಪಾಯವನ್ನು ತಗ್ಗಿಸೀತು, ಅಭಯವನ್ನು ಕೊಡಲಾರದು. ಎರಡಕ್ಕೂ ಬಾಗಿಲ ಮೇಲೆ ಒಂದೇ ಬಗೆಯ ಫಲಕವನ್ನು ತೂಗಹಾಕಿದರೆ ದುಡಿಯುವವರು ಮೋಸಹೋಗುತ್ತಾರೆ.

೨೦೨೧ರ ಡಿಸೆಂಬರ್ ೧೦ರ ರಾತ್ರಿ ಈ ಭೇದವು ಎರಡು ಊರುಗಳಲ್ಲಿ ದಾರುಣವಾಗಿ ಗೋಚರಿಸಿತು. ಕೆಂಟಕಿ ಪ್ರಾಂತದ ಮೇಫೀಲ್ಡ್ ಎಂಬಲ್ಲಿ ಮೇಣದಬತ್ತಿ ತಯಾರಿಸುವ ಕಾರ್ಖಾನೆಯೊಂದರ ರಾತ್ರಿಪಾಳಿಯಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ನಾಲ್ಕನೆಯ ದರ್ಜೆಯ ಸುಂಟರಗಾಳಿಗೆ ಆ ಕಟ್ಟಡ ನೆಲಸಮವಾಗಿ ಒಂಬತ್ತು ಜನ ಸತ್ತರು. ಅದೇ ರಾತ್ರಿ ಇಲಿನಾಯ್ ಪ್ರಾಂತದ ಎಡ್ವರ್ಡ್ಸ್‌ವಿಲ್ ಬಳಿಯ ಒಂದು ಭಾರಿ ಉಗ್ರಾಣದ ಗೋಡೆಗಳು ಮೂರನೆಯ ದರ್ಜೆಯ ಗಾಳಿಗೆ ಕುಸಿದು ಆರು ಜನರ ಪ್ರಾಣ ಹೋಯಿತು. ಮೃತರಲ್ಲಿ ಸರಕು ಹಂಚಲು ಬಂದು ಹೋಗುವ ಹೊರಗುತ್ತಿಗೆಯ ಚಾಲಕರೂ ಇದ್ದರು. ಆಸರೆಯೆಂದು ಗೊತ್ತುಮಾಡಿದ್ದ ಉತ್ತರ ಭಾಗದ ಶೌಚಾಲಯವನ್ನು ಸೇರಿದವರು ಬದುಕುಳಿದರು. ದಕ್ಷಿಣ ಭಾಗದ ಶೌಚಾಲಯವನ್ನು ಹೊಕ್ಕವರಲ್ಲಿ ಹಲವರು ಉಳಿಯಲಿಲ್ಲ.

ಕಾರ್ಮಿಕರ ಸುರಕ್ಷತೆಯನ್ನು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಇಲಾಖೆ ಈ ಉಗ್ರಾಣದ ಪ್ರಸಂಗವನ್ನು ವಿಚಾರಿಸಿ ೨೦೨೨ರಲ್ಲಿ ತಾನು ಕಂಡುದನ್ನು ಬರೆದು ತಿಳಿಸಿತು. ಆಪತ್ಕಾಲದ ಯೋಜನೆಯೇನೋ ಕಾಗದದಲ್ಲಿತ್ತು. ಆದರೆ ಅದು ಆ ಸ್ಥಳದ ವಿಶೇಷಗಳಿಗೆ ತಕ್ಕಂತೆ ರೂಪಿತವಾಗಿರಲಿಲ್ಲ. ಎಲ್ಲರನ್ನೂ ಕೂಗಿ ಎಚ್ಚರಿಸಲು ಇಟ್ಟಿದ್ದ ಧ್ವನಿವರ್ಧಕವು ಬೀಗ ಹಾಕಿದ ಪಂಜರದೊಳಗಿದ್ದು ಆ ಹೊತ್ತಿಗೆ ಕೈಗೆ ಸಿಗುವಂತಿರಲಿಲ್ಲ. ಆಸರೆಯ ಜಾಗ ಯಾವುದೆಂಬುದು ಕೆಲಸಗಾರರಲ್ಲಿ ಕೆಲವರಿಗೆ ನೆನಪಿರಲಿಲ್ಲ. ಸ್ಥಾನವಿದ್ದೂ ಸೇರುವ ಕ್ರಿಯೆ ತಪ್ಪಿದರೆ ಆಶ್ರಯವೆಂಬ ಪದವು ಹೇಗೆ ಅರ್ಧವಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ರಕ್ಷಾಗೃಹದ ಐದು ಲಕ್ಷಣಗಳು

ಹಾಗಾದರೆ ದುಡಿಮೆಯ ತಾಣಕ್ಕೆ ಎಂತಹ ರಕ್ಷಾಗೃಹವನ್ನು ಆರಿಸತಕ್ಕದ್ದು? ವಿಚಾರದ ಸೌಕರ್ಯಕ್ಕಾಗಿ ಐದು ಲಕ್ಷಣಗಳನ್ನು ಕ್ರಮವಾಗಿ ಹೇಳಬಹುದು.

ಒಂದನೆಯದು ಸಾಮೀಪ್ಯ. ಸುಂಟರಗಾಳಿಯ ಎಚ್ಚರಿಕೆಗೂ ಅದು ಬಂದೆರಗುವುದಕ್ಕೂ ನಡುವೆ ದೊರೆಯುವ ಅವಧಿ ಸರಾಸರಿ ಹತ್ತು ನಿಮಿಷಗಳ ಆಸುಪಾಸಿನದು. ಎಷ್ಟೋ ಸಲ ಅಷ್ಟೂ ಸಿಗುವುದಿಲ್ಲ. ಆ ಅವಧಿಯಲ್ಲಿ ಎಚ್ಚರಿಕೆ ಕಿವಿಗೆ ಬೀಳಬೇಕು, ಯಂತ್ರ ನಿಲ್ಲಬೇಕು, ಜನ ನಡೆಯಬೇಕು, ಬಾಗಿಲು ಮುಚ್ಚಬೇಕು. ಹೀಗಾಗಿ ಅತಿ ದೂರದ ಮೂಲೆಯಲ್ಲಿ ದುಡಿಯುವವನೂ ಐದು ನಿಮಿಷಗಳೊಳಗೆ ಸೇರುವಂತಿರಬೇಕೆಂಬುದು ಫೆಮಾ ಕೈಪಿಡಿಗಳ ಸೂತ್ರ. ಅಳತೆಯನ್ನು ನಕ್ಷೆಯ ಮೇಲೆ ಗೆರೆಯೆಳೆದು ತೆಗೆಯದೆ, ಕಾಲ್ನಡಿಗೆಯಲ್ಲಿ ತೆಗೆಯಬೇಕು. ಏಣಿಯ ಮೇಲಿರುವವನು, ಮೊಣಕಾಲು ನೋವಿನ ಮುದುಕ, ತುಂಬುಗರ್ಭಿಣಿ, ಗಾಲಿಕುರ್ಚಿಯಲ್ಲಿರುವವನು ಇವರ ನಡಿಗೆಯೇ ಪ್ರಮಾಣ. ಚುರುಕುಕಾಲಿನ ತರುಣನ ಓಟ ಪ್ರಮಾಣವಲ್ಲ. ಕಟ್ಟಡ ಬಹು ವಿಶಾಲವಾಗಿದ್ದರೆ ಒಂದು ದೊಡ್ಡ ರಕ್ಷಾಗೃಹಕ್ಕಿಂತ ಅಲ್ಲಲ್ಲಿ ಎರಡು ಮೂರು ಚಿಕ್ಕವು ಲೇಸು.

ಎರಡನೆಯದು ಅವಕಾಶ. ಸುಂಟರಗಾಳಿಯ ರಕ್ಷಾಗೃಹದಲ್ಲಿ ನಿಂತ ಅಥವಾ ಕುಳಿತ ಒಬ್ಬೊಬ್ಬನಿಗೆ ೫ ಚದರಡಿ, ಗಾಲಿಕುರ್ಚಿಯವನಿಗೆ ೧೦ ಚದರಡಿ, ಹಾಸಿಗೆ ಹಿಡಿದವನಿಗೆ ೩೦ ಚದರಡಿ ಎಂದು ಮಾನದಂಡವು ವಿಧಿಸುತ್ತದೆ. ಉದಾಹರಣೆಗೆ ಒಂದು ಪಾಳಿಯಲ್ಲಿ ೧೪೦ ಜನರಿದ್ದು ಅವರಲ್ಲಿ ನಾಲ್ವರು ಗಾಲಿಕುರ್ಚಿಯವರಾಗಿದ್ದರೆ, ೧೩೬ ಜನರಿಗೆ ೬೮೦ ಚದರಡಿಯೂ ನಾಲ್ವರಿಗೆ ೪೦ ಚದರಡಿಯೂ ಸೇರಿ ೭೨೦ ಚದರಡಿ ಬೇಕಾಗುತ್ತದೆ. ಇದು ಜನರು ನಿಲ್ಲಲು ನಿಜವಾಗಿ ಸಿಗುವ ನೆಲದ ಲೆಕ್ಕ. ಪೀಠೋಪಕರಣಗಳು ಇಡಿಕಿರಿದಿರುವ ಕೋಣೆಯಾದರೆ ಒಟ್ಟು ವಿಸ್ತೀರ್ಣದ ಅರ್ಧವನ್ನು ಮಾತ್ರ ಎಣಿಕೆಗೆ ತೆಗೆದುಕೊಳ್ಳಬೇಕು. ಪಾಳಿ ಬದಲಾಗುವ ಹೊತ್ತಿನಲ್ಲಿ ಎರಡು ಪಾಳಿಯವರೂ ಒಳಗಿರುತ್ತಾರೆ. ಲಾರಿಯ ಚಾಲಕ, ಗ್ರಾಹಕ, ದುರಸ್ತಿಗೆ ಬಂದವನು ಇವರೂ ಇರುತ್ತಾರೆ. ಹಾಜರಿಪುಸ್ತಕದಲ್ಲಿ ಹೆಸರಿಲ್ಲದವನ ಪ್ರಾಣಕ್ಕೂ ೫ ಚದರಡಿ ಜಾಗ ಬೇಕೆಂಬುದನ್ನು ಮರೆಯಲಾಗದು.

ಮೂರನೆಯದು ದಾರ್ಢ್ಯ. ಸುಂಟರಗಾಳಿ ಹೆಚ್ಚಾಗಿರುವ ಮಧ್ಯ ಅಮೆರಿಕದ ಪ್ರದೇಶಕ್ಕೆ ಗಂಟೆಗೆ ೨೫೦ ಮೈಲಿ, ಅಂದರೆ ಸುಮಾರು ೪೦೦ ಕಿಲೋಮೀಟರ್ ವೇಗವನ್ನು ಆಧಾರವಾಗಿಟ್ಟು ರಕ್ಷಾಗೃಹವನ್ನು ಕಟ್ಟಬೇಕು. ಗಾಳಿಯ ಒತ್ತಡವೊಂದೇ ಶತ್ರುವಲ್ಲ. ಗಾಳಿಯು ಬಾಣದಂತೆ ಎಸೆಯುವ ಮರದ ತುಂಡು, ತಗಡು, ಇಟ್ಟಿಗೆಗಳು ಇನ್ನೂ ದೊಡ್ಡ ಶತ್ರುಗಳು. ಆದುದರಿಂದ ಪ್ರಯೋಗಶಾಲೆಯಲ್ಲಿ ೧೫ ಪೌಂಡ್ ತೂಕದ ಮರದ ರೀಪನ್ನು ವಾಯುಫಿರಂಗಿಯಿಂದ ಗಂಟೆಗೆ ೧೦೦ ಮೈಲಿ ವೇಗದಲ್ಲಿ ಗೋಡೆಯ ಮೇಲೆ ಹೊಡೆದು ಪರೀಕ್ಷಿಸುತ್ತಾರೆ. ಮಾಡಿಗೆ ಅದೇ ರೀಪನ್ನು ೬೭ ಮೈಲಿ ವೇಗದಲ್ಲಿ ಹೊಡೆಯುತ್ತಾರೆ. ರೀಪು ತೂರಿ ಒಳಗೆ ಬಂದರೆ ಆ ಗೋಡೆ ಅನುತ್ತೀರ್ಣ.

ಕಬ್ಬಿಣದ ಸರಳುಗಳನ್ನಿಟ್ಟು ಹೊಯ್ದ ಕಾಂಕ್ರೀಟು, ಸರಳುಗಳನ್ನು ಇಳಿಸಿ ಪೊಳ್ಳುಗಳನ್ನೆಲ್ಲ ಗಾರೆಯಿಂದ ತುಂಬಿದ ಕಾಂಕ್ರೀಟಿನ ಇಟ್ಟಿಗೆ, ತಳಪಾಯಕ್ಕೆ ಬಿಗಿದ ದಪ್ಪ ಉಕ್ಕಿನ ಕೋಣೆ ಇವೆಲ್ಲವೂ ಈ ಪರೀಕ್ಷೆಯಲ್ಲಿ ಗೆಲ್ಲಬಲ್ಲವು. ಇವುಗಳಲ್ಲಿ ಯಾವುದೆಂಬುದು ಖರ್ಚು ಹಾಗೂ ಸ್ಥಳಗಳನ್ನು ಅವಲಂಬಿಸಿದ ಮಾತು. ಆದರೆ ಎಲ್ಲದರಲ್ಲಿಯೂ ಸಮಾನವಾದ ದುರ್ಬಲಾಂಗವೊಂದುಂಟು; ಅದು ಬಾಗಿಲು. ಒಂದಡಿ ದಪ್ಪದ ಗೋಡೆಗೆ ಸಾಮಾನ್ಯ ತಗಡಿನ ಬಾಗಿಲನ್ನು ಇಡುವುದು ಕೋಟೆಯನ್ನು ಕಟ್ಟಿ ದಿಡ್ಡಿಬಾಗಿಲನ್ನು ಶತ್ರುವಿಗೆ ತೆರೆದಿಟ್ಟಂತೆ. ಬಾಗಿಲಿನ ಹಲಗೆ, ಬಾಗಿಲವಾಡ, ತಿರುಗಣಿ, ಅಗುಳಿ ಇವಿಷ್ಟನ್ನೂ ಒಂದೇ ಜೋಡಣೆಯಾಗಿ ಪರೀಕ್ಷಿಸಿ ಪ್ರಮಾಣಪತ್ರ ಪಡೆದಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಕೊಳ್ಳಬೇಕು. ಹಾಗೆಯೇ ಅಗುಳಿಗಳನ್ನು ಒಳಗಿರುವ ಯಾರಾದರೂ ಕೀಲಿಕೈಯಿಲ್ಲದೆ ಹಾಕಿ ತೆಗೆಯುವಂತಿರಬೇಕು.

ನಾಲ್ಕನೆಯದು ಸ್ಥಳಶುದ್ಧಿ. ನೆಲದಡಿಯ ಕೋಣೆಗೆ ಗಾಳಿಯ ಭಯ ಕಡಿಮೆ. ಆದರೆ ಸುಂಟರಗಾಳಿಯೊಡನೆ ಬರುವ ಜಡಿಮಳೆಯ ನೀರು ಅಲ್ಲಿಗೇ ಹರಿದು ಬರುತ್ತದೆ. ಮೆಟ್ಟಿಲುಗಳು ಅಶಕ್ತರಿಗೆ ಅಡ್ಡಿ. ಆದುದರಿಂದ ತಗ್ಗುಪ್ರದೇಶದಲ್ಲಿರುವ ಕಾರ್ಖಾನೆಗೆ ನೆಲದ ಮೇಲಿನ ರಕ್ಷಾಗೃಹವೇ ಯೋಗ್ಯ. ಪಕ್ಕದಲ್ಲಿ ಎತ್ತರದ ಹೊಗೆಗೂಡು, ನೀರಿನ ತೊಟ್ಟಿ, ಅನಿಲದ ಭಾಂಡಗಳಿರುವ ಸ್ಥಳವನ್ನು ವರ್ಜಿಸಬೇಕು. ಮಾಡಿನ ಮೇಲೆ ಭಾರವಾದ ಯಂತ್ರಗಳಿರಬಾರದು. ರಕ್ಷಾಗೃಹವು ದೊಡ್ಡ ಕಟ್ಟಡದ ಒಳಗಿದ್ದರೆ, ಹೊರಗಿನ ಕಟ್ಟಡ ತನ್ನ ಮೇಲೆಯೇ ಕುಸಿದರೂ ತಾನು ಸ್ವತಂತ್ರವಾಗಿ ನಿಲ್ಲುವಂತಿರಬೇಕು.

ಐದನೆಯದು ನಿತ್ಯೋಪಯೋಗ. ಮೇಲಿನ ನಾಲ್ಕು ಲಕ್ಷಣಗಳನ್ನು ತಂತ್ರಜ್ಞರು ಅಳೆದು ಹೇಳಬಲ್ಲರು. ಈ ಐದನೆಯದು ಮನುಷ್ಯಸ್ವಭಾವಕ್ಕೆ ಸಂಬಂಧಪಟ್ಟುದು; ಇದೇ ಮಿಕ್ಕವುಗಳ ಪ್ರಾಣವೆಂದರೂ ಸಲ್ಲುತ್ತದೆ. ಆಪತ್ತಿಗೆಂದೇ ಕಟ್ಟಿ ಬೀಗ ಹಾಕಿಟ್ಟ ಕೋಣೆಯು ವರ್ಷ ಕಳೆಯುವುದರೊಳಗಾಗಿ ಮುರಿದ ಕುರ್ಚಿ, ಹಳೆಯ ಕಾಗದ, ಬಣ್ಣದ ಡಬ್ಬಿಗಳ ಮನೆಯಾಗುತ್ತದೆ. ಅದರ ಕೀಲಿಕೈ ಯಾರ ಬಳಿಯಿದೆಯೆಂಬುದು ಯಾರಿಗೂ ತಿಳಿದಿರುವುದಿಲ್ಲ. ಅದೇ ಕೋಣೆ ದಿನನಿತ್ಯ ಊಟದ ಕೋಣೆಯಾಗಿಯೋ, ಸಭೆಯ ಕೋಣೆಯಾಗಿಯೋ, ಶೌಚಾಲಯವಾಗಿಯೋ ಬಳಕೆಯಲ್ಲಿದ್ದರೆ ಅದರ ದಾರಿ ಎಲ್ಲರ ಕಾಲಿಗೂ ಪರಿಚಿತ. ಕತ್ತಲಾದರೂ, ಗಾಬರಿಯಾದರೂ ಕಾಲು ತಾನಾಗಿ ಅತ್ತ ತಿರುಗುತ್ತದೆ.

ರೋನೋಕ್‌ನ ದೃಷ್ಟಾಂತ

ಈ ಐದು ಲಕ್ಷಣಗಳೂ ಒಂದೆಡೆ ಕೂಡಿಬಂದುದಕ್ಕೆ ಅಮೆರಿಕದಲ್ಲಿ ಪ್ರಸಿದ್ಧವಾದ ದೃಷ್ಟಾಂತವೊಂದಿದೆ. ಇಲಿನಾಯ್ ಪ್ರಾಂತದ ರೋನೋಕ್ ಎಂಬ ಹಳ್ಳಿಯ ಬಳಿ, ಹೊಲಗಳ ನಡುವೆ, ಪಾರ್ಸನ್ಸ್ ಎಂಬ ಕಾರ್ಖಾನೆಯಿತ್ತು. ಅದರ ಯಜಮಾನ ಬಾಬ್ ಪಾರ್ಸನ್ಸ್‌ಗೆ ಹಿಂದೊಮ್ಮೆ ಸುಂಟರಗಾಳಿಯ ಅನುಭವವಾಗಿದ್ದು, ಕಾರ್ಖಾನೆಯಲ್ಲಿ ಅವಿತುಕೊಳ್ಳಲು ಭದ್ರವಾದ ಜಾಗವಿಲ್ಲದಿದ್ದರೆ ಏನಾದೀತೆಂಬುದು ಮನದಟ್ಟಾಗಿತ್ತು. ಆದುದರಿಂದ ಹೊಸ ಕಾರ್ಖಾನೆಯನ್ನು ಕಟ್ಟಿಸುವಾಗ, ಹೇಗಿದ್ದರೂ ಬೇಕಾಗಿದ್ದ ಶೌಚಾಲಯಗಳ ಗೋಡೆ, ಮಾಡುಗಳನ್ನೇ ಸರಳುಗಳನ್ನಿಟ್ಟ ಕಾಂಕ್ರೀಟಿನಿಂದ ಬಲಪಡಿಸಿ ಅವನ್ನು ರಕ್ಷಾಗೃಹಗಳನ್ನಾಗಿ ಮಾಡಿಸಿದನು. ಹವಾಮಾನದ ಎಚ್ಚರಿಕೆಯನ್ನು ಆಲಿಸಲು ರೇಡಿಯೋ ಇತ್ತು. ಆಕಾಶವನ್ನು ನೋಡಿ ಬರಲು ಗೊತ್ತಾದ ಜನರಿದ್ದರು. ಆಗಾಗ್ಗೆ ಎಲ್ಲರಿಗೂ ಅಭ್ಯಾಸ ಮಾಡಿಸಲಾಗುತ್ತಿತ್ತು.

೨೦೦೪ರ ಜುಲೈ ೧೩ರ ಮಧ್ಯಾಹ್ನ ಅಂದಿನ ಮಾನದ ನಾಲ್ಕನೆಯ ದರ್ಜೆಯ ಸುಂಟರಗಾಳಿ ನೇರವಾಗಿ ಆ ಕಾರ್ಖಾನೆಯ ಮೇಲೆಯೇ ಹಾದುಹೋಯಿತು. ಆ ಹೊತ್ತಿಗೆ ಒಳಗೆ ಸುಮಾರು ೧೪೦ ಜನರಿದ್ದರು. ಎಚ್ಚರಿಕೆ ಬಂದೊಡನೆ ಯಂತ್ರಗಳನ್ನು ಬಿಟ್ಟು ಎಲ್ಲರೂ ಕೆಲವೇ ನಿಮಿಷಗಳಲ್ಲಿ ಆ ಶೌಚಾಲಯಗಳನ್ನು ಸೇರಿಕೊಂಡರು. ಗಾಳಿ ಹೋದ ಮೇಲೆ ಹೊರಬಂದು ನೋಡಿದರೆ ಕಾರ್ಖಾನೆಯೇ ಇರಲಿಲ್ಲ. ಮಾಡು ಹಾರಿಹೋಗಿ, ಉಕ್ಕಿನ ತೊಲೆಗಳು ತಿರುಚಿಕೊಂಡು, ಹೊರಗೆ ನಿಲ್ಲಿಸಿದ್ದ ಕಾರುಗಳು ಚೆಲ್ಲಾಪಿಲ್ಲಿಯಾಗಿದ್ದವು. ಆದರೆ ಒಬ್ಬನೂ ಸತ್ತಿರಲಿಲ್ಲ. ಗಂಭೀರವಾದ ಗಾಯವೂ ಯಾರಿಗೂ ಆಗಿರಲಿಲ್ಲ. ಬಳಿಕ ಕಾರ್ಖಾನೆಯನ್ನು ಮತ್ತೆ ಕಟ್ಟಲಾಯಿತು. ರಕ್ಷಾಗೃಹಗಳನ್ನೂ ಅದರೊಡನೆ ಕಟ್ಟಲಾಯಿತು.

ಈ ದೃಷ್ಟಾಂತದಲ್ಲಿ ಆಶ್ಚರ್ಯಪಡಬೇಕಾದುದು ಗೋಡೆಯ ಬಲವಷ್ಟೇ ಅಲ್ಲ. ಅಂದಿಗೆ ಮುನ್ನ ಆ ಗೋಡೆಗಳ ದಪ್ಪವನ್ನು ನೋಡಿದವನಿಗೆ ಅದು ದುಂದುವೆಚ್ಚವೆಂದೇ ತೋರಿರಬಹುದು. ಶೌಚಾಲಯಕ್ಕೆ ಇಷ್ಟು ಸಿಮೆಂಟು, ಇಷ್ಟು ಉಕ್ಕು ಏಕೆಂದು ಯಾರಾದರೂ ಕೇಳಿದ್ದರೆ ಉತ್ತರವಾಗಿ ತೋರಿಸಲು ಏನೂ ಇರಲಿಲ್ಲ. ಉತ್ತರ ದೊರೆತುದು ಆ ಒಂದು ಮಧ್ಯಾಹ್ನದ ಕೆಲವು ನಿಮಿಷಗಳಲ್ಲಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರೇ ಬಹಳವಿರುವ ಲೋಕದಲ್ಲಿ, ಬೆಂಕಿಯಿಲ್ಲದ ದಿನ ಬಾವಿ ತೋಡಿಸಿದವನ ವಿವೇಕ ಇಂತಹುದು.

ಅಭ್ಯಾಸದ ಅಗತ್ಯ

ಕಟ್ಟಡ ಸಿದ್ಧವಾದ ಮಾತ್ರಕ್ಕೆ ಕಾರ್ಯ ಮುಗಿಯದು. ಹವಾಮಾನ ಇಲಾಖೆಯ ಎರಡು ಬಗೆಯ ಪ್ರಕಟಣೆಗಳನ್ನು ಎಲ್ಲರೂ ಅರಿತಿರಬೇಕು. ಸುಂಟರಗಾಳಿ ಹುಟ್ಟಲು ಅನುಕೂಲವಾದ ಪರಿಸ್ಥಿತಿಯಿದೆ ಎಂದು ತಿಳಿಸುವುದು ‘ವಾಚ್’. ಆಗ ಕೆಲಸ ನಡೆಯುತ್ತಿರಬಹುದು, ಗಮನ ಆಕಾಶದ ಕಡೆಗಿರಬೇಕು. ಸುಂಟರಗಾಳಿ ಕಣ್ಣಿಗೆ ಬಿದ್ದಿದೆ ಅಥವಾ ರಾಡಾರಿನಲ್ಲಿ ಗುರುತಾಗಿದೆ ಎಂದು ಸಾರುವುದು ‘ವಾರ್ನಿಂಗ್’; ಆಗ ಕೈಯಲ್ಲಿದ್ದುದನ್ನು ಬಿಟ್ಟು ನಡೆಯಬೇಕು. ಈ ನಿರ್ಣಯವನ್ನು ಯಾರು ಮಾಡಬೇಕು, ಅವರಿಲ್ಲದ ದಿನ ಯಾರು ಮಾಡಬೇಕು, ರಾತ್ರಿಪಾಳಿಯಲ್ಲಿ ಯಾರು ಎಂಬುದು ಲಿಖಿತವಾಗಿರಬೇಕು. ಉತ್ಪಾದನೆ ನಿಂತಿತೆಂದು ಮೇಲಿನವರು ಆಕ್ಷೇಪಿಸಿಯಾರೆಂಬ ಅಳುಕು ನಿರ್ಣಯಿಸುವವನಿಗೆ ಇರಬಾರದು. ಹತ್ತು ಸಲ ವೃಥಾ ಎದ್ದು ಹೋದುದರಿಂದ ಆಗುವ ನಷ್ಟವನ್ನು ಲೆಕ್ಕ ಹಾಕಬಹುದು. ಒಮ್ಮೆ ಹೋಗದೆ ಉಳಿದುದರಿಂದ ಆಗುವ ನಷ್ಟಕ್ಕೆ ಲೆಕ್ಕವಿಲ್ಲ.

ಹಳೆಯ ತಪ್ಪು ನಂಬಿಕೆಗಳನ್ನು ಹೋಗಲಾಡಿಸುವುದೂ ಅಭ್ಯಾಸದ ಒಂದು ಭಾಗ. ಒಳಗಿನ ಹೊರಗಿನ ಒತ್ತಡಗಳು ಸಮನಾಗಲೆಂದು ಕಿಟಕಿಗಳನ್ನು ತೆರೆಯಬೇಕೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅದು ತಪ್ಪು. ತೆರೆದ ಕಿಟಕಿಯಿಂದ ನುಗ್ಗಿದ ಗಾಳಿ ಮಾಡನ್ನು ಕೆಳಗಿನಿಂದ ಮೇಲಕ್ಕೆ ತಳ್ಳಲು ಸಹಾಯವಾಗುತ್ತದೆ. ಕಿಟಕಿಯ ಬಳಿಗೆ ಹೋದವನು ಅಮೂಲ್ಯವಾದ ನಿಮಿಷವನ್ನೂ ಕಳೆದುಕೊಳ್ಳುತ್ತಾನೆ.

ಶಾಲೆಯೂ ದುಡಿಮೆಯ ತಾಣವೇ

ಶಿಕ್ಷಕರಿಗೆ ಶಾಲೆಯೇ ದುಡಿಮೆಯ ತಾಣ. ಅಲ್ಲಿ ಅವರೊಂದಿಗೆ ನೂರಾರು ಮಕ್ಕಳ ಪ್ರಾಣವೂ ಇರುತ್ತದೆ. ೨೦೦೭ರ ಮಾರ್ಚ್ ೧ರಂದು ಅಲಬಾಮಾ ಪ್ರಾಂತದ ಎಂಟರ್‌ಪ್ರೈಸ್ ಎಂಬ ಊರಿನ ಪ್ರೌಢಶಾಲೆಯ ಮೇಲೆ ಸುಂಟರಗಾಳಿ ಎರಗಿ ಎಂಟು ವಿದ್ಯಾರ್ಥಿಗಳು ಮಡಿದರು. ಅಂದಿನವರೆಗೆ ಶಾಲೆಗಳಲ್ಲಿ ಸುರಕ್ಷಿತವೆಂದು ಬಗೆಯಲಾಗಿದ್ದ ಪಡಸಾಲೆಯಲ್ಲಿಯೇ ಗೋಡೆ, ಮಾಡುಗಳು ಅವರ ಮೇಲೆ ಬಿದ್ದವು. ೨೦೧೩ರ ಮೇ ೨೦ರಂದು ಒಕ್ಲಹೋಮಾ ಪ್ರಾಂತದ ಮೂರ್ ನಗರದಲ್ಲಿ ರ‍ಕ್ಷಾಗೃಹವಿಲ್ಲದ ಪ್ರಾಥಮಿಕ ಶಾಲೆಯೊಂದರಲ್ಲಿ ಏಳು ಮಕ್ಕಳು ಬಲಿಯಾದರು. ಆ ಶಾಲೆಯನ್ನು ಪುನಃ ಕಟ್ಟಿದಾಗ ರಕ್ಷಾಗೃಹವನ್ನು ಸೇರಿಸಲಾಯಿತು. ೨೦೧೫ರ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯು ೨೫೦ ಮೈಲಿ ವೇಗದ ವಲಯದಲ್ಲಿ ೫೦ ಅಥವಾ ಹೆಚ್ಚು ಜನ ಸೇರುವ ಹೊಸ ಶಾಲೆಗಳಿಗೆ ರಕ್ಷಾಗೃಹವನ್ನು ವಿಧಿಸಿತು. ವ್ಯಾಯಾಮಶಾಲೆ, ಸಂಗೀತದ ಕೋಣೆ, ಊಟದ ಮನೆ ಇವನ್ನೇ ಬಲಪಡಿಸಿ ರಕ್ಷಾಗೃಹವಾಗಿ ಮಾಡುವ ಪದ್ಧತಿ ಈಗ ಅಲ್ಲಿನ ಶಾಲೆಗಳಲ್ಲಿ ರೂಢವಾಗಿದೆ. ಪ್ರತಿದಿನ ಆಡಿ ಹಾಡುವ ಕೋಣೆಗೆ ಓಡಲು ಮಗುವಿಗೆ ಹೆದರಿಕೆಯಿಲ್ಲ.

ಕಡಲತೀರದ ಭೇದ

ಚಂಡಮಾರುತದ ವಿಷಯದಲ್ಲಿ ಆಯ್ಕೆಯ ಕ್ರಮ ಬೇರೆ. ಅದರ ಸುಳಿವು ದಿನಗಳ ಮೊದಲೇ ದೊರೆಯುವುದರಿಂದ, ದುಡಿಮೆಯ ತಾಣದಲ್ಲಿ ಜನರನ್ನು ಉಳಿಸಿಕೊಳ್ಳದೆ ಮುಂಚೆಯೇ ಬಿಡುಗಡೆ ಮಾಡುವುದೇ ಮೊದಲ ಕರ್ತವ್ಯ. ಅಲ್ಲಿ ಗಾಳಿಯಷ್ಟೇ, ಎಷ್ಟೋ ವೇಳೆ ಗಾಳಿಗಿಂತ ಮಿಗಿಲಾಗಿ, ಉಕ್ಕಿಬರುವ ಕಡಲ ನೀರು ಕೊಲ್ಲುತ್ತದೆ. ಆದುದರಿಂದ ಆಶ್ರಯವು ಎತ್ತರದಲ್ಲಿರಬೇಕು. ೧೯೯೯ರ ಅಕ್ಟೋಬರ್ ತಿಂಗಳ ಮಹಾಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಕಳೆದುಕೊಂಡ ಒಡಿಶಾ ರಾಜ್ಯವು, ಕಂಬಗಳ ಮೇಲೆ ನಿಂತ ಆಶ್ರಯಧಾಮಗಳನ್ನು ಕರಾವಳಿಯುದ್ದಕ್ಕೂ ಕಟ್ಟಿಸಿತು. ಅವುಗಳಲ್ಲಿ ಅನೇಕವು ಮಿಕ್ಕ ದಿನಗಳಲ್ಲಿ ಶಾಲೆಗಳಾಗಿವೆ. ೨೦೧೩ರ ಫೈಲಿನ್ ಚಂಡಮಾರುತದಲ್ಲಿ ಲಕ್ಷಾಂತರ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಿದುದರಿಂದ ಸಾವಿನ ಸಂಖ್ಯೆ ಹಿಂದಿನದರ ಅತ್ಯಲ್ಪ ಭಾಗಕ್ಕಿಳಿಯಿತು. ರಾಷ್ಟ್ರೀಯ ಚಂಡಮಾರುತ ಅಪಾಯ ಉಪಶಮನ ಯೋಜನೆಯ ಎರಡನೆಯ ಹಂತದಲ್ಲಿ ಕರ್ನಾಟಕದ ಕರಾವಳಿಯೂ ಸೇರಿ, ಇಲ್ಲಿಯೂ ಬಹೂಪಯೋಗಿ ಆಶ್ರಯಧಾಮಗಳು ಎದ್ದಿವೆ. ‘ಬಹೂಪಯೋಗಿ’ ಎಂಬ ಆ ವಿಶೇಷಣವು ರೋನೋಕ್‌ನ ಶೌಚಾಲಯದ ತತ್ತ್ವವನ್ನೇ ಹೇಳುತ್ತದೆ.

ಉಪಸಂಹಾರ

ಸಂಸ್ಥೆಗಳನ್ನು ನಡೆಸುವವರೂ ಕಟ್ಟಡಗಳಿಗೆ ದ್ರವ್ಯಸಹಾಯ ಮಾಡುವವರೂ ಈ ವಿಚಾರದಿಂದ ಗ್ರಹಿಸಬೇಕಾದ ಸಾರವಿಷ್ಟು. ಕಟ್ಟಡದ ಮುಖಮಂಟಪ ಎಲ್ಲರ ಕಣ್ಣಿಗೂ ಬೀಳುತ್ತದೆ. ಗೋಡೆಯೊಳಗಿನ ಸರಳು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಖಮಂಟಪಕ್ಕೆ ಕೊಟ್ಟವನ ಹೆಸರು ಶಿಲಾಫಲಕದಲ್ಲಿ ಉಳಿಯುತ್ತದೆ. ಸರಳಿಗೆ ಕೊಟ್ಟವನ ಹೆಸರು, ಆಪತ್ತು ಬಾರದಿದ್ದರೆ, ಎಲ್ಲಿಯೂ ಉಳಿಯದು. ಆದರೂ ಕೇಳಬೇಕಾದ ಪ್ರಶ್ನೆಗಳು ಮೂರೇ : ಅತಿ ನಿಧಾನವಾಗಿ ನಡೆಯುವವನು ಎಷ್ಟು ನಿಮಿಷಗಳಲ್ಲಿ ಅಲ್ಲಿಗೆ ಸೇರಬಲ್ಲನು? ಒಳಗೆ ಬಂದವರೆಲ್ಲರಿಗೂ, ಹೆಸರು ಗೊತ್ತಿಲ್ಲದವರಿಗೂ, ಜಾಗವಿದೆಯೇ? ಅದರ ಬಾಗಿಲು ಇಂದು, ಈ ಗಳಿಗೆಯಲ್ಲಿ, ಕೀಲಿಕೈಯಿಲ್ಲದೆ ತೆರೆಯುತ್ತದೆಯೇ?

ಈ ಮೂರಕ್ಕೂ ಸಮಾಧಾನಕರವಾದ ಉತ್ತರ ದೊರೆತ ಕೋಣೆ ಎಷ್ಟು ಸಾಮಾನ್ಯವಾಗಿ ಕಂಡರೂ ಅದು ಆಶ್ರಯವೆಂಬ ಹೆಸರಿಗೆ ಅರ್ಹವಾದುದು. ಉತ್ತರ ದೊರೆಯದಿದ್ದರೆ, ಎಷ್ಟು ಬೆಲೆ ತೆತ್ತು ಕಟ್ಟಿಸಿದ್ದರೂ ಅದು ನಾಲ್ಕು ಗೋಡೆಗಳಷ್ಟೇ.